ನಲವತ್ತೊಂದನೇ ಬಾಟಲಿ

೧೯೯೧ರ ನವೆಂಬರ್ ೧೨, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶೀಲಾವತಿ ಎಂಬ ಹೆಂಗಸು ಭಾಂಡುಪ್ ಪೊಲೀಸ್ ಸ್ಟೇಷನ್ನಿಗೆ ಬಂದು, ತನ್ನ ಗಂಡನನ್ನು ಆಸ್ಪತ್ರೆಯಲ್ಲಿ ಡಾಕ್ಟರೊಬ್ಬರು ಕೊಂದಿದ್ದಾರೆ ಎಂದು ದೂರು ಹೇಳಿದಳು. ಅವಳ ಜೊತೆ ಬಂದಿದ್ದ ಇಪ್ಪತ್ತೈದು ಮೂವತ್ತು ಹೋಟೆಲ್ ಕೆಲಸಗಾರರು ಗೇಟಿನ ಹೊರಗೆ ಗುಂಪು ಕಟ್ಟಿ ನಿಂತಿದ್ದರು. ಡ್ಯೂಟಿಯಲ್ಲಿದ್ದವರು ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆಲ್ಲ ಅವಳು ತುಳುವಿನಲ್ಲಿ ಬೈಯತೊಡಗಿದಾಗ ಇನ್‌ಸ್ಪೆಕ್ಟರ್ ದಾನಪ್ಪ ಹತ್ತೂರೆಯನ್ನು ಕರೆಯಬೇಕಾಯಿತು. ತುಳು ಬರದಿದ್ದರೂ ಅಕ್ಕಲಕೋಟೆಯ ದಾನಪ್ಪ ಆ ಸ್ಟೇಷನ್ನಿನಲ್ಲಿ ಕನ್ನಡ ಬಲ್ಲ ಒಬ್ಬನೇ ಅಧಿಕಾರಿ.

"ಏನಾತು, ಒಂದೊಂದ ಹೇಳ್ರಿ."

"ಎಂತ ಹೇಳುದು? ಪೆಟ್ಟಾದದ್ದು ಕೈಗೆ. ನಡ್ಕೊಂಡೇ ಒಳಗೆ ಹೋದ್ರು. ಸಂಜೆ ಹೆಣ ತಕೊಂಡು ಹೋಗಿ ಅಂದ್ರು. ನೀವು ಬರ್ಕೊಳ್ತೀರಾ, ಅಲ್ಲ ನಾನು ಹೊರಗೆ ನಿಂತವರಿಗೆ ಹೇಳ್ಬೇಕಾ?"

ದಾನಪ್ಪ ಬರೆದುಕೊಂಡ. ಗಂಡನ ಹೆಸರು ಕೊರಗಪ್ಪ, ಮೂವತ್ತೆಂಟು ವರ್ಷ, ಸ್ಟೇಷನ್ ರಸ್ತೆಯ ಉಡುಪಿ ಹೋಟೆಲಿನಲ್ಲಿ ಅಡುಗೆಯವನು. ಹಿಂದಿನ ದಿನ, ಸೋಮವಾರ, ಮಧ್ಯಾಹ್ನದ ಗಿರಾಕಿಗಳು ಮುಗಿದ ಮೇಲೆ ಎರಡೂವರೆಗೆ ಊಟ ಮಾಡಿದ್ದ. ಎರಡು ಐವತ್ತಕ್ಕೆ ಮರುದಿನದ ದೋಸೆ ಹಿಟ್ಟಿಗೆ ಗ್ರೈಂಡರ್ ಹಾಕಿದಾಗ ಬಲಗೈ ಬೆಲ್ಟಿಗೆ ಸಿಕ್ಕಿ ಮೂರು ಬೆರಳು ಜಜ್ಜಿಹೋದವು. ಕೂಡಲೇ ಹತ್ತಿರದ ಸೇಠ್ ಹರಗೋವನ್ ಟ್ರಸ್ಟ್ ಆಸ್ಪತ್ರೆಗೆ ಒಯ್ದರು. ಅಲ್ಲಿ ಸಂಜೆ ಐದೂವರೆಗೆ ತೀರಿಕೊಂಡ. ಆಸ್ಪತ್ರೆಯವರು ಹೃದಯ ನಿಂತು ಸತ್ತ ಎಂದು ಚೀಟಿ ಬರೆದು ಹೆಣ ಒಯ್ಯಲು ಹೇಳಿದ್ದರು. ಅವಳು ಒಯ್ದಿರಲಿಲ್ಲ. ಸೂಜಿ ಚುಚ್ಚಿದವರು ಬಿಳಿ ಕೂದಲಿನ ಮುದುಕ ಡಾಕ್ಟರು, ಅವರಿಗೆ ಕೈ ನಡುಗುತ್ತದೆ ಎಂದು ಆಸ್ಪತ್ರೆಯಲ್ಲೇ ಯಾರೋ ಹೇಳಿದರು ಎಂದಳು. ಯಾರು ಹೇಳಿದರು ಎಂದು ಕೇಳಿದರೆ ಗೊತ್ತಿಲ್ಲ, ಜನ ಆಡಿಕೊಳ್ಳುತ್ತಿದ್ದರು ಎಂದಳು.

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಕಲಂ ೩೦೪-ಎ, ನಿರ್ಲಕ್ಷ್ಯದಿಂದ ಸಾವು. ಆರೋಪಿ ಆ ಬಿಳಿ ಕೂದಲಿನ ಡಾಕ್ಟರ್, ವೆಂಕಟಸುಬ್ಬಯ್ಯ.

ಹನ್ನೊಂದು ಮುಕ್ಕಾಲಿಗೆ ದಾನಪ್ಪ ಹವಾಲ್ದಾರ್ ಮೋಹಿತೆಯ ಜೊತೆ ಆಸ್ಪತ್ರೆ ತಲುಪಿದ. ಒಳಗೆ ಬಿಡಲು ಸೂಪರಿಂಟೆಂಡೆಂಟ್ ಅರ್ಧ ಗಂಟೆ ಸತಾಯಿಸಿದರು. ಮೊದಲು ಟ್ರಸ್ಟಿಗಳನ್ನು ಕೇಳಬೇಕು ಎಂದರು. ಆಪರೇಷನ್ ಥಿಯೇಟರಿಗೆ ಬೂಟು ಹಾಕಿಕೊಂಡು ಹೋಗುವಂತಿಲ್ಲ ಎಂದರು. ದಾನಪ್ಪ ಬೂಟು ಬಿಚ್ಚಿ ಬರಿಗಾಲಲ್ಲಿ ಒಳಗೆ ಹೋದ. ಸಾವಿನ ನಂತರ ಥಿಯೇಟರಿಗೆ ಬೀಗ ಹಾಕಿದ್ದರಿಂದ ಎಲ್ಲವೂ ಹಾಗೇ ಇತ್ತು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಸಿರಿಂಜ್ ಎರಡು, ಸೂಜಿ ಒಂದು, ವಾಂತಿ ಬಿದ್ದ ಬಟ್ಟೆ, ರಬ್ಬರ್ ಮುಚ್ಚಳದ ಔಷಧದ ಬಾಟಲಿ ಒಂದು. ಬಾಟಲಿಯ ಮೇಲೆ ಅಂಟಿಸಿದ ಚೀಟಿಯಲ್ಲಿ '೪೧' ಎಂದು ಮಾತ್ರ ಬರೆದಿತ್ತು. ಎಲ್ಲವನ್ನೂ ಕಟ್ಟಿ ಅರಗಿನ ಮುದ್ರೆ ಒತ್ತಿದರು. ಹೆಣವನ್ನು ಮರಣೋತ್ತರ ಪರೀಕ್ಷೆಗೆ ಘಾಟ್ಕೋಪರಿಗೆ ಕಳಿಸಿದರು.

ನಲವತ್ತೊಂದು ಎಂದರೇನು ಎಂದು ದಾನಪ್ಪ ಕೇಳಿದಾಗ ಉತ್ತರ ಕೊಟ್ಟವನು ಡಾಕ್ಟರ್ ಜಯಸಿಂಹ. ಮೈಸೂರಿನವನು, ಮೂವತ್ನಾಲ್ಕು ವರ್ಷ, ಇಲ್ಲಿ ಅರಿವಳಿಕೆ ಕೊಡುವ ಇಬ್ಬರು ವೈದ್ಯರಲ್ಲಿ ಕಿರಿಯ. ಇನ್ನೊಬ್ಬರು ವೆಂಕಟಸುಬ್ಬಯ್ಯ. ಇಡೀ ಆಸ್ಪತ್ರೆಯಲ್ಲಿ ಆ ದಿನ ಪೊಲೀಸರಿಗೆ ಕುರ್ಚಿ ಕೊಟ್ಟವನು ಇವನೊಬ್ಬನೇ.

ಅವನು ವಿವರಿಸಿದ. ಸುತ್ತಲಿನ ಕಾರ್ಖಾನೆಗಳಿಂದ ಕೈ ಜಜ್ಜಿಸಿಕೊಂಡವರು ವಾರಕ್ಕೆ ಎರಡು ಮೂರು ಜನ ಬರುತ್ತಾರೆ. ಅಂಥವರನ್ನು ಪೂರ್ತಿ ಮಲಗಿಸದೆ, ಕೊರಳೆಲುಬಿನ ಮೇಲೆ ಸೂಜಿ ಹಾಕಿ ಕೈಗೆ ಹೋಗುವ ನರದ ಸುತ್ತ ಔಷಧ ಬಿಟ್ಟರೆ ತೋಳೊಂದೇ ಮರಗಟ್ಟುತ್ತದೆ. ಆ ನರವನ್ನು ಹುಡುಕಲು ಎರಡು ದಾರಿ. ಹಳೆಯದು ಕೈಯ ದಾರಿ: ಬೆರಳಿನಿಂದ ರಕ್ತನಾಳದ ಮಿಡಿತ ನೋಡಿಕೊಂಡು ಅಂದಾಜಿನ ಮೇಲೆ ಚುಚ್ಚುವುದು. ಹೊಸದು ಅಲ್ಟ್ರಾಸೌಂಡ್ ಯಂತ್ರದ ದಾರಿ: ಪರದೆಯ ಮೇಲೆ ರಕ್ತನಾಳ ನೋಡಿಕೊಂಡು ಚುಚ್ಚುವುದು. ಎರಡರಲ್ಲಿ ಯಾವುದು ಮೇಲು ಎಂದು ಜುಲೈನಿಂದ ಅಧ್ಯಯನ ನಡೆದಿತ್ತು. ಬಂದ ರೋಗಿಗೆ ಬಂದ ಕ್ರಮದಲ್ಲಿ ಸಂಖ್ಯೆ. ಬೆಸ ಸಂಖ್ಯೆಯವರು ವೆಂಕಟಸುಬ್ಬಯ್ಯನವರ ಕೈಗೆ, ಸರಿ ಸಂಖ್ಯೆಯವರು ಜಯಸಿಂಹನ ಯಂತ್ರಕ್ಕೆ. ಒಬ್ಬೊಬ್ಬರಿಗೂ ಸಂಖ್ಯೆ ಬರೆದಿಟ್ಟ ಒಂದೊಂದು ಬಾಟಲಿ. ಮರಗಟ್ಟದೆ ಹೋದರೆ ಗ್ಯಾಸು ಕೊಟ್ಟು ಮಲಗಿಸಬೇಕು, ಪಟ್ಟಿಯಲ್ಲಿ 'ವಿಫಲ' ಎಂದು ಬರೆಯಬೇಕು.

ಕೊರಗಪ್ಪ ನಲವತ್ತೊಂದನೆಯವನು. ಅದೇ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಬಂದಿದ್ದ ನಲವತ್ತನೆಯವನು ವಾರ್ಡಿನಲ್ಲಿ ಕೂತು ಚಹಾ ಕುಡಿಯುತ್ತಿದ್ದ.

ಜಯಸಿಂಹ ಪಟ್ಟಿ ತೋರಿಸಿದ. ಯಂತ್ರದ ಕಡೆ ಇಪ್ಪತ್ತರಲ್ಲಿ ಒಂದು ವಿಫಲ. ಕೈಯ ಕಡೆ ಇಪ್ಪತ್ತೊಂದರಲ್ಲಿ ಏಳು.

"ಅವರು ನನ್ನ ಗುರುಗಳು, ಸಾರ್. ನಾನಾಗಿ ಏನೂ ಹೇಳೋಲ್ಲ. ಪಟ್ಟಿ ನಿಮ್ಮ ಮುಂದಿದೆ" ಎಂದ.

ಮರುದಿನ ಮಧ್ಯಾಹ್ನ ಮರಣೋತ್ತರ ಪರೀಕ್ಷೆಯ ವರದಿ ಬಂತು. ಶ್ವಾಸನಾಳದಲ್ಲಿ, ಎರಡೂ ಶ್ವಾಸಕೋಶಗಳಲ್ಲಿ ಅನ್ನ. ಹೊಟ್ಟೆ ತುಂಬಿದ್ದವನಿಗೆ ಗ್ಯಾಸು ಕೊಟ್ಟಾಗ ಊಟ ಮೇಲೆ ಬಂದು ಉಸಿರಿನ ದಾರಿಗೆ ಇಳಿದಿತ್ತು. ಈ ಅಪಾಯ ತಪ್ಪಿಸಲೆಂದೇ ಅವನ ತೋಳನ್ನು ಮಾತ್ರ ಮರಗಟ್ಟಿಸಲು ಹೊರಟದ್ದು. ಅದು ಆಗಲಿಲ್ಲ, ರಕ್ತ ನಿಲ್ಲಲಿಲ್ಲ, ಗ್ಯಾಸು ಕೊಡಲೇಬೇಕಾಯಿತು.

ವೆಂಕಟಸುಬ್ಬಯ್ಯ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದರು. ಅರವತ್ತೊಂದು ವರ್ಷ, ಒಂಟಿ ಮನುಷ್ಯ. ಬಾಗಿಲು ತೆರೆದವರು ಕೂರಲು ಹೇಳಲಿಲ್ಲ. ಮೇಜಿನ ಮೇಲೆ ರಾಜೀನಾಮೆ ಪತ್ರ ಬರೆದಿಟ್ಟಿದ್ದರು.

"ನೀವು ಎಷ್ಟನೇ ಕ್ಲಾಸಿನವರೆಗೆ ಓದಿದ್ದೀರಿ?" ಎಂದು ಮೊದಲ ಪ್ರಶ್ನೆ ಅವರೇ ಕೇಳಿದರು.

"ಬಿ.ಎ. ನಿಮ್ಮ ಸೂಜಿ ಎಲ್ಲಿಗೆ ಹೋಗಿತ್ತು, ಅದನ್ನ ಹೇಳ್ರಿ."

"ಹೇಳಿದರೆ ನಿಮಗೆ ಅರ್ಥವಾಗುತ್ತಾ?"

"ಅರ್ಥ ಆಗೂತನ ಕೇಳತೀನಿ. ಇಡೀ ದಿನ ಐತಿ."

ಮುದುಕ ಹೇಳಿದರು. ಸೂಜಿಯ ತುದಿ ನರಕ್ಕೆ ತಾಗಿದರೆ ರೋಗಿಯ ಬೆರಳಿಗೆ ಕರೆಂಟು ಹೊಡೆದ ಹಾಗಾಗುತ್ತದೆ. ರೋಗಿ ಬಾಯಿಬಿಟ್ಟು ಹೇಳುವವರೆಗೂ ತಾನು ಔಷಧ ಬಿಡುವುದಿಲ್ಲ. ಮೂವತ್ತು ವರ್ಷದಿಂದ ಹಾಗೇ.

"ಕೊರಗಪ್ಪ ಹೇಳಿದ್ನೇನು?"

"ಹೇಳಿದ. ಹೆಬ್ಬೆರಳು ಅಂದ, ಆಮೇಲೆ ತೋರುಬೆರಳು ಅಂದ."

"ಅಂದ್ರ ಸೂಜಿ ನರದ ಹತ್ರನ ಇತ್ತು. ಔಷಧಾನೂ ಬಿಟ್ಟಿರಿ. ಮತ್ತ ಕೈ ಯಾಕ ಮರಗಟ್ಟಲಿಲ್ಲ?"

ಮೊದಲೆರಡು ಸಲ ಹೀಗಾದಾಗ ಔಷಧದ ಮೇಲೆ ಅವರಿಗೂ ಅನುಮಾನ ಬಂದಿತ್ತಂತೆ. ಆದರೆ ಅದೇ ದಿನ ತುಂಬಿಸಿದ ಅದೇ ಔಷಧದಿಂದ ಜಯಸಿಂಹನ ರೋಗಿಗಳ ಕೈ ಚೆನ್ನಾಗಿ ಮರಗಟ್ಟುತ್ತಿತ್ತು. ಆಮೇಲೆ ಅನುಮಾನ ಕೈಯ ಮೇಲೆ ತಿರುಗಿತು. "ವಯಸ್ಸು" ಎಂದು ಒಂದೇ ಮಾತು ಹೇಳಿ ಬಾಗಿಲ ಕಡೆ ನೋಡಿದರು.

ಸ್ಟೇಷನ್ನಿಗೆ ವಾಪಸು ಬಂದ ದಾನಪ್ಪ ಪಟ್ಟಿಯನ್ನು ಮತ್ತೆ ಓದಿದ. ಏಳೂ ವಿಫಲಗಳು ಎಲ್ಲೆಂದರಲ್ಲಿ ಹರಡಿರಲಿಲ್ಲ. ಮೊದಲ ಇಪ್ಪತ್ತು ರೋಗಿಗಳಲ್ಲಿ ಇಬ್ಬರು ಡಾಕ್ಟರಿಗೂ ಹತ್ತು ಹತ್ತು, ಇಬ್ಬರಿಗೂ ಒಂದೊಂದು ವಿಫಲ. ಅಲ್ಲಿಂದ ಮುಂದೆ ಜಯಸಿಂಹನಿಗೆ ಒಂದೂ ಇಲ್ಲ, ವೆಂಕಟಸುಬ್ಬಯ್ಯನವರಿಗೆ ಹನ್ನೊಂದರಲ್ಲಿ ಆರು. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮುದುಕನಿಗೆ ಒಮ್ಮೆಲೇ ಇಷ್ಟು ವಯಸ್ಸಾಯಿತೇ ಎಂದು ಮೋಹಿತೆ ನಕ್ಕ. ದಾನಪ್ಪ ನಗಲಿಲ್ಲ. ಮುದ್ರೆ ಒತ್ತಿಟ್ಟಿದ್ದ ಬಾಟಲಿಯನ್ನು ಕಲಿನಾದ ಪ್ರಯೋಗಾಲಯಕ್ಕೆ ಕಳಿಸಲು ಪತ್ರ ಬರೆಸಿದ.

ನವೆಂಬರ್ ೧೪, ಗುರುವಾರ. ಥಿಯೇಟರಿನ ಸಿಸ್ಟರ್ ಇಂದ್ರಾಬಾಯಿಯನ್ನು ಸ್ಟೇಷನ್ನಿಗೆ ಕರೆಸಿದರು. ವಿಜಾಪುರ ಕಡೆಯವಳು, ಐವತ್ತರ ಹತ್ತಿರ. ಪೊಲೀಸರ ಹತ್ತಿರ ಬಾಯಿ ಬಿಟ್ಟರೆ ಕೆಲಸ ಇಲ್ಲ ಎಂದು ಆಸ್ಪತ್ರೆಯವರು ಅವಳಿಗೆ ಹೇಳಿಯೇ ಕಳಿಸಿದ್ದರು. ಮೊದಲ ಒಂದು ಗಂಟೆ ಅವಳು ಗೋಡೆ ನೋಡುತ್ತ ಕೂತಳು. ಬಾಟಲಿಗಳಿಗೆ ಔಷಧ ತುಂಬುವವರು ಯಾರು ಎಂದರೆ ತಾನು ಎಂದಳು. ಕಪಾಟಿನ ಬೀಗದ ಕೈ ಯಾರ ಹತ್ತಿರ ಎಂದರೆ ತನ್ನ ಹತ್ತಿರ ಎಂದಳು. ಹಾಗಾದರೆ ಬಾಟಲಿಯಲ್ಲಿ ಏನಾದರೂ ಬೇರೆ ಇದ್ದರೆ ಹಗ್ಗ ನಿನ್ನ ಕೊರಳಿಗೇ ಬರುತ್ತದೆ ಎಂದು ಮೋಹಿತೆ ಮೇಜು ಬಡಿದ. ಆಗ ಅವಳಿಗೆ ಸಿಟ್ಟು ಬಂತು. ಶನಿವಾರ ಮಧ್ಯಾಹ್ನ ತಾನು ತುಂಬಿ, ಚೀಟಿ ಅಂಟಿಸಿ, ಕಪಾಟಿಗೆ ಬೀಗ ಹಾಕುತ್ತೇನೆ, ಆದರೆ ಬೀಗದ ಕೈ ಎರಡಿವೆ, ಇನ್ನೊಂದು ಜಯಸಿಂಹ ಡಾಕ್ಟರ ಹತ್ತಿರ ಇದೆ ಎಂದಳು. ಸ್ಟೋರಿನವರು ಖಾಲಿ ಬಾಟಲಿ ಕೇಳುತ್ತಾರೆಂದು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದೇನೆ, ಬೇಕಾದರೆ ಬಂದು ನೋಡಿ ಎಂದೂ ಹೇಳಿದಳು.

"ಅವತ್ತ ಥಿಯೇಟರಿನ್ಯಾಗ ಏನ ನಡೀತು?" ದಾನಪ್ಪ ಕೇಳಿದ.

ಮೂರು ಐವತ್ತಕ್ಕೆ ಸೂಜಿ ಹಾಕಿದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಕೈ ಮರಗಟ್ಟಲಿಲ್ಲ. ಮುಟ್ಟಿದರೆ ಕೊರಗಪ್ಪ ಕೂಗುತ್ತಿದ್ದ. ಮುದುಕ ಡಾಕ್ಟರಿಗೆ ಹಣೆಯೆಲ್ಲ ಬೆವರು. ಎರಡೂ ವಿಧಾನಗಳ ವೇಳೆ ಬರೆದುಕೊಳ್ಳುವವನು ಜಯಸಿಂಹ, ಹಾಗಾಗಿ ಗಡಿಯಾರ ಹಿಡಿದು ತಲೆಯ ಹತ್ತಿರವೇ ನಿಂತಿದ್ದ.

ಇಂದ್ರಾಬಾಯಿಗೆ ನೀರು ಕೊಟ್ಟರು. ಕುಡಿಯಲಿಲ್ಲ.

"ನಾ ಕೇಳಿದೆ ರೀ ಸಾಹೇಬ್ರ. ಸ್ಟೋರಿನಿಂದ ಹೊಸಾ ಬಾಟ್ಲಿ ತರ್ಲೇನು, ಇನ್ನೊಂದ್ಸಲ ಹಾಕ್ರಿ, ಈ ಮನಿಶ್ಯಾ ಉಂಡ ಬಂದಾನ ಅಂದೆ. ದೊಡ್ಡ ಡಾಕ್ಟರ್ ಹೂಂ ಅನ್ನೂದ್ರಾಗಿದ್ರು. ಜಯಸಿಂಹ ಡಾಕ್ಟರ್ ಬ್ಯಾಡ ಅಂದ್ರು. ಒಬ್ಬರಿಗೆ ಒಂದ ಬಾಟ್ಲಿ, ಅದು ನಿಯಮ, ಮುರದ್ರ ಲೆಕ್ಕ ಕೆಡತದ ಅಂದ್ರು."

"ದೊಡ್ಡ ಡಾಕ್ಟರು ಏನಂದ್ರು?"

"ಏನ ಅಂತಾರ? ಎರಡ ತಿಂಗಳದಾಗ ಆರನೇ ಸಲ. ಅವರಿಗೆ ಮಾರಿ ಎತ್ತಲಿಕ್ಕ ಆಗಲಿಲ್ಲ."

ಅದೇ ದಿನ ಸಂಜೆ ನಾಲ್ಕಕ್ಕೆ ರಟ್ಟಿನ ಪೆಟ್ಟಿಗೆ ಜಪ್ತಿಯಾಯಿತು. ಇಪ್ಪತ್ತೊಂದರಿಂದ ನಲವತ್ತರವರೆಗೆ ಇಪ್ಪತ್ತು ಖಾಲಿ ಬಾಟಲಿ, ಎಲ್ಲದರ ತಳದಲ್ಲೂ ನಾಲ್ಕು ಹನಿ ಉಳಿದಿತ್ತು. ಮೋಹಿತೆ ಬೆಳಕಿಗೆ ಹಿಡಿದು ಒಂದೊಂದರ ರಬ್ಬರ್ ಮುಚ್ಚಳ ನೋಡಿದ. ಹೆಚ್ಚಿನವುಗಳಲ್ಲಿ ಸೂಜಿಯ ತೂತು ಎರಡು, ತುಂಬಿದ್ದಕ್ಕೊಂದು, ತೆಗೆದದ್ದಕ್ಕೊಂದು. ಐದರಲ್ಲಿ ಐದಾರು. ಆ ಐದೂ ಬೆಸ ಸಂಖ್ಯೆಯವು, ಐದೂ ವಿಫಲವಾದವು. ಇವೂ ಕಲಿನಾಕ್ಕೆ ಹೋದವು.

ನವೆಂಬರ್ ೧೬, ಶನಿವಾರ. ಆಸ್ಪತ್ರೆಯ ಗೇಟಿನ ಕಾವಲುಗಾರ ದೂಜ ರಜಾ ದಿನ ಬಂದುಹೋಗುವವರ ಸಹಿ ತೆಗೆದುಕೊಳ್ಳುತ್ತಿದ್ದ. ಅವನ ಪುಸ್ತಕದಲ್ಲಿ ಸೆಪ್ಟೆಂಬರ್ ೨೨ರಿಂದ ನವೆಂಬರ್ ೧೦ರವರೆಗೆ ಐದು ಭಾನುವಾರ ಜಯಸಿಂಹನ ಸಹಿ ಇತ್ತು. ಬಂದದ್ದು ಬೆಳಿಗ್ಗೆ ಹತ್ತರ ಸುಮಾರಿಗೆ, ಹೋದದ್ದು ಹನ್ನೊಂದಕ್ಕೆ. ಅದಕ್ಕೂ ಮುಂಚೆ ಒಂದು ಭಾನುವಾರವೂ ಅವನು ಬಂದಿರಲಿಲ್ಲ.

ಆ ಮಧ್ಯಾಹ್ನ ಜಯಸಿಂಹನನ್ನು ಸ್ಟೇಷನ್ನಿನಲ್ಲಿ ಕೂರಿಸಿ ಕೇಳಿದರು. ಈ ಸಲ ಅವನ ಮಾತಿನಲ್ಲಿ ವಿನಯ ಕಡಿಮೆಯಾಗಿತ್ತು. ಅಂಧೇರಿಯಿಂದ ಎರಡು ಗಾಡಿ ಬದಲಾಯಿಸಿ ಬಂದಿದ್ದೇನೆ, ಸಂಜೆ ಕೆಲಸವಿದೆ, ಬೇಗ ಮುಗಿಸಿ ಎಂದ.

"ಭಾನುವಾರ ಯಾಕ ಬರ್ತಿದ್ರಿ?"

"ಯಂತ್ರದ ಮೇಲೆ ಅಭ್ಯಾಸ ಮಾಡೋಕೆ. ನನ್ನ ಕೈಯನ್ನೇ ನಾನು ನೋಡ್ಕೊಳ್ತಿದ್ದೆ."

"ಯಾವ ಯಂತ್ರ?"

"ಆಸ್ಪತ್ರೇಲಿರೋದು ಒಂದೇ ಯಂತ್ರ, ಇನ್‌ಸ್ಪೆಕ್ಟರ್."

"ಐದೂ ಭಾನುವಾರ?"

"ಐದೂ ಭಾನುವಾರ. ಬರ್ಕೊಳ್ಳಿ."

ದಾನಪ್ಪ ಬರೆದುಕೊಂಡು ಸಹಿ ಹಾಕಿಸಿಕೊಂಡ. ಆಮೇಲೆ ಮೋಹಿತೆಯನ್ನು ಕರೆದುಕೊಂಡು ಸೋನೋಗ್ರಫಿ ವಿಭಾಗದ ಡಾಕ್ಟರ್ ಶಾಮಲಾ ಅವರನ್ನು ನೋಡಲು ಹೋದ. ಯಂತ್ರ ಅವರ ವಿಭಾಗದ್ದು. ಬಸುರಿಯರ ತಪಾಸಣೆಗೆಂದು ತಂದ ಯಂತ್ರವನ್ನು ದಿನಾ ಮೇಲಿನ ಮಹಡಿಗೆ ಎಳೆದುಕೊಂಡು ಹೋಗುತ್ತಾರೆಂದು ಅವರಿಗೆ ಜಯಸಿಂಹನ ಮೇಲೆ ಮೊದಲಿನಿಂದಲೂ ಕೋಪ. ಶನಿವಾರ ಎರಡಕ್ಕೆ ಯಂತ್ರವನ್ನು ತನ್ನ ಕೋಣೆಯಲ್ಲಿ ಕೂಡಿಹಾಕಿ ಬೀಗದ ಕೈಯನ್ನು ಮನೆಗೆ ಒಯ್ಯುತ್ತೇನೆ, ಯಾರಿಗೂ ಒಮ್ಮೆಯೂ ಕೊಟ್ಟಿಲ್ಲ, ಇನ್ನೊಂದು ಬೀಗದ ಕೈ ಮಾಡಿಸಿಯೂ ಇಲ್ಲ ಎಂದರು. ಯಂತ್ರ ನಡೆದರೆ ಪಕ್ಕದ ಪುಸ್ತಕದಲ್ಲಿ ಗಂಟೆ ನಮೂದಿಸಲೇಬೇಕು, ಮೀಟರು ಅದಕ್ಕೆ ತಾಳೆಯಾಗಬೇಕು. ತಾಳೆ ನೋಡಿದರು. ಐದು ಭಾನುವಾರಗಳಲ್ಲಿ ಯಂತ್ರ ಒಂದು ನಿಮಿಷವೂ ಓಡಿರಲಿಲ್ಲ.

ಇಷ್ಟಾದರೂ ಪ್ರಯೋಗಾಲಯದ ಕಾಗದವಿಲ್ಲದೆ ಜಯಸಿಂಹನನ್ನು ಮುಟ್ಟುವಂತಿರಲಿಲ್ಲ. ದಾನಪ್ಪ ದಿನ ಬಿಟ್ಟು ದಿನ ಕಲಿನಾಕ್ಕೆ ಹೋಗಿ ಕೂತ. ಇತ್ತ ಟ್ರಸ್ಟಿನ ಕಡೆಯವರು ಮೇಲಧಿಕಾರಿಗಳಿಗೆ ಫೋನು ಮಾಡಿಸಿ, ಮುದುಕ ರಾಜೀನಾಮೆ ಕೊಟ್ಟಾಗಿದೆ, ಅವನ ಮೇಲೇ ಕೇಸು ಹಾಕಿ ಮುಗಿಸಿ ಎನ್ನತೊಡಗಿದರು. ಶೀಲಾವತಿ ಎರಡು ಸಲ ಬಂದು, ಇಷ್ಟು ದಿನ ಆದರೂ ಆ ಮುದುಕ ಡಾಕ್ಟರನ್ನು ಹಿಡಿಯದ ನೀವು ಎಷ್ಟು ತಿಂದಿದ್ದೀರಿ ಎಂದು ಎಲ್ಲರೆದುರು ಕೇಳಿಹೋದಳು. ದಾನಪ್ಪ ಅವಳಿಗೆ ಏನೂ ಹೇಳುವ ಹಾಗಿರಲಿಲ್ಲ.

ನವೆಂಬರ್ ೨೯, ಶುಕ್ರವಾರ, ಮಧ್ಯಾಹ್ನ ಮೂರಕ್ಕೆ ವರದಿ ಕೈಗೆ ಬಂತು. ಹದಿನೈದು ಬಾಟಲಿಗಳಲ್ಲಿ ಮರಗಟ್ಟಿಸುವ ಔಷಧ ಸರಿಯಾದ ಪ್ರಮಾಣದಲ್ಲಿ ಇತ್ತು. ಹೆಚ್ಚು ತೂತುಗಳಿದ್ದ ಆ ಐದರಲ್ಲಿ ಮತ್ತು ನಲವತ್ತೊಂದನೆಯದರಲ್ಲಿ ಬರೀ ಉಪ್ಪುನೀರು.

ದಾನಪ್ಪ ಸ್ಟೇಷನ್ನಿಗೆ ಹೋಗುವ ಮೊದಲು ಕ್ವಾರ್ಟರ್ಸಿಗೆ ಹೋದ. ವೆಂಕಟಸುಬ್ಬಯ್ಯ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅವರ ಸೂಜಿ ಆರು ಸಲವೂ ಸರಿಯಾದ ಜಾಗಕ್ಕೇ ಹೋಗಿತ್ತು, ಒಳಗೆ ಬಿಟ್ಟದ್ದು ಉಪ್ಪುನೀರು ಎಂದು ದಾನಪ್ಪ ಹೇಳಿದ. ಮುದುಕ ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟರು.

"ಅವನು ಪಕ್ಕದಲ್ಲೇ ನಿಂತಿದ್ದ" ಎಂದರು. "ಅರ್ಧ ಗಂಟೆ. ಗಡಿಯಾರ ನೋಡ್ತಾ."

ದಾನಪ್ಪ ಏನೋ ಹೇಳಲು ಹೋದ. ಅವರು ಈಗ ಹೊರಗೆ ಹೋಗಿ ಎಂದರು.

ಕಲಂ ಬದಲಾಯಿತು. ೩೦೪-ಎ ಹೋಗಿ ೩೦೪ ಬಂತು, ಸಾವು ಬರಬಹುದೆಂದು ತಿಳಿದೂ ಮಾಡಿದ ಕೃತ್ಯ. ಆರೋಪಿಯ ಹೆಸರೂ ಬದಲಾಯಿತು.

ಡಿಸೆಂಬರ್ ೧, ಭಾನುವಾರ. ಬಾಂದ್ರಾದ ಒಂದು ಹೋಟೆಲಿನ ಸಭಾಂಗಣದಲ್ಲಿ ಅರಿವಳಿಕೆ ವೈದ್ಯರ ಸಮ್ಮೇಳನ ನಡೆದಿತ್ತು. ಹನ್ನೊಂದು ಗಂಟೆಗೆ ದಾನಪ್ಪ ಮತ್ತು ಮೋಹಿತೆ ಸಾದಾ ಬಟ್ಟೆಯಲ್ಲಿ ಹೋಗಿ ಕೊನೆಯ ಸಾಲಿನಲ್ಲಿ ಕೂತರು. ವೇದಿಕೆಯ ಮೇಲೆ ಜಯಸಿಂಹ ಇದ್ದ. ಕತ್ತಲು ಮಾಡಿದ ಹಾಲಿನ ಬಿಳಿ ಪರದೆಯ ಮೇಲೆ ಒಂದರ ನಂತರ ಒಂದು ಸ್ಲೈಡು ಬೀಳುತ್ತಿತ್ತು. ನರದ ಹತ್ತಿರದ ರಕ್ತನಾಳದ ಚಿತ್ರ, ಸೂಜಿ ಹಾಕುವ ಕೋನ, ಕೈಯ ವಿಧಾನ ಎಡಕ್ಕೆ, ಯಂತ್ರದ ವಿಧಾನ ಬಲಕ್ಕೆ. ಕೊನೆಗೆ ಪಟ್ಟಿ ಬಂತು. ಎಡಗಡೆಯ ಸಾಲಿನ ತಳದಲ್ಲಿ ನಲವತ್ತೊಂದನೇ ಸಂಖ್ಯೆ, ಅದರ ಮುಂದೆ ಇಂಗ್ಲಿಷಿನಲ್ಲಿ ವಿಫಲ ಎಂಬ ಒಂದು ಪದ. ಸತ್ತ ಎಂದು ಎಲ್ಲೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಹನ್ನೊಂದು ನಲವತ್ತಕ್ಕೆ, ಚಹಾದ ಮೇಜಿನ ಹತ್ತಿರ, ಬಂಧನವಾಯಿತು. ಕಪ್ಪು ಕೋಟಿನ ಹಿರಿಯರೊಬ್ಬರು ಅಡ್ಡ ಬಂದು, ಇದು ಮರ್ಯಾದಸ್ಥರ ಸಭೆ ಎಂದು ಮೋಹಿತೆಯ ತೋಳು ಹಿಡಿದರು. ಮೋಹಿತೆ ಆ ಕೈಯನ್ನು ಬಿಡಿಸಿ ಪಕ್ಕಕ್ಕಿಟ್ಟ. ಜಯಸಿಂಹ ಸ್ಲೈಡಿನ ಡಬ್ಬಿ ತೆಗೆದುಕೊಳ್ಳಲೇ ಎಂದು ಕೇಳಿದ. ಅದು ಜಪ್ತಿಯಾಗುತ್ತದೆ ಎಂದ ದಾನಪ್ಪ.

ಮೊದಲ ದಿನ ಅವನು ಬಾಯಿ ಬಿಡಲಿಲ್ಲ. ಎರಡನೇ ದಿನ ಬೆಳಿಗ್ಗೆ ತಾನಾಗಿಯೇ ಹೇಳಿದ.

ವೆಂಕಟಸುಬ್ಬಯ್ಯನವರ ಕೈಕೆಳಗೆ ಮೂರು ವರ್ಷ ಕಲಿತಿದ್ದ. ಅವರ ಬೆರಳಿಗೆ ಸಿಗುತ್ತಿದ್ದುದು ಇವನ ಬೆರಳಿಗೆ ಸಿಗುತ್ತಿರಲಿಲ್ಲ. ಹೇಗೆ ಎಂದು ಕೇಳಿದರೆ ಅವರು ಹೇಳಿಕೊಡುತ್ತಿರಲಿಲ್ಲ. ಇವನು ಎರಡು ಸಲ ತಪ್ಪಿದರೆ ರೋಗಿಯ ಎದುರಿಗೇ ಸೂಜಿ ಕಿತ್ತುಕೊಂಡು, ನಿನ್ನ ಕೈ ಕುರುಡು, ಬೇರೆ ಕೆಲಸ ನೋಡಿಕೋ ಎನ್ನುತ್ತಿದ್ದರು. ಯಂತ್ರ ಬಂದ ಮೇಲೆ ಪರದೆಯ ಮೇಲೆ ಎಲ್ಲವೂ ಕಂಡಿತು. ಯಾರು ಬೇಕಾದರೂ ಕಲಿಯಬಹುದು, ಇನ್ನು ಯಾರೂ ಯಾರ ಕಾಲಿಗೂ ಬೀಳಬೇಕಾಗಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಯಂತ್ರ ಸ್ಪಷ್ಟವಾಗಿ ಮೇಲು ಎಂದು ತೋರಿಸದಿದ್ದರೆ ಅದು ಕೆಳಗಿನ ಮಹಡಿಗೆ ಖಾಯಂ ವಾಪಸು ಎಂದು ಟ್ರಸ್ಟಿಗಳು ಹೇಳಿದ್ದರು. ಮೊದಲ ಇಪ್ಪತ್ತು ರೋಗಿಗಳ ಲೆಕ್ಕ ತೆಗೆದಾಗ ಕೈಯೂ ಯಂತ್ರವೂ ಸಮ ಬಂದವು. ವಿಫಲವಾದರೆ ಗ್ಯಾಸು ಕೊಡುತ್ತಾರೆ, ಯಾರಿಗೂ ನಷ್ಟವಿಲ್ಲ ಎಂದುಕೊಂಡು ಅವನು ಒಂದು ಭಾನುವಾರ ಮೊದಲ ಬಾಟಲಿಯ ಔಷಧವನ್ನು ಸೂಜಿಯಿಂದ ಹೀರಿ ತೆಗೆದು ಉಪ್ಪುನೀರು ತುಂಬಿದ. ಮುಂದೆ ಒಂದು ಭಾನುವಾರ ಎರಡು ಬಾಟಲಿಗೆ ಹೀಗೆ ಮಾಡಿದ. ಐದು ಸಲ ಯಾರಿಗೂ ಏನೂ ಆಗಲಿಲ್ಲ.

"ಆರನೇ ಸಲ ಅಂವ ಉಂಡ ಬಂದಾನ ಅಂತ ಸಿಸ್ಟರ್ ಹೇಳಿದ್ಲು" ಎಂದ ದಾನಪ್ಪ. "ಹೊಸಾ ಬಾಟ್ಲಿ ತರ್ತೀನಿ ಅಂದ್ಲು. ಬ್ಯಾಡ ಯಾಕ ಅಂದ್ರಿ?"

ಜಯಸಿಂಹ ನೆಲ ನೋಡುತ್ತ ಹೇಳಿದ. "ಹೊಸ ಬಾಟಲಿ ಹಾಕಿದ್ರೆ ಹತ್ತು ನಿಮಿಷದಲ್ಲಿ ಮರಗಟ್ಟಿಬಿಡೋದು. ಎಲ್ಲಾರಿಗೂ ಗೊತ್ತಾಗೋದು. ಗ್ಯಾಸಲ್ಲಿ ಹೇಗೋ ಪಾರಾಗ್ತಾನೆ ಅಂದ್ಕೊಂಡೆ. ಹೆಚ್ಚಿನವರು ಪಾರಾಗ್ತಾರೆ."

ಡಿಸೆಂಬರ್ ೪ರಂದು ದಾನಪ್ಪ ಶೀಲಾವತಿಯನ್ನು ಕರೆಸಿ ಎಲ್ಲವನ್ನೂ ಹೇಳಿದ. ಅವಳು ಕೇಳಿಸಿಕೊಂಡು, ಇಬ್ಬರು ಡಾಕ್ಟರ ಜಗಳದಲ್ಲಿ ನನ್ನ ಗಂಡ ಯಾಕೆ ಸಾಯಬೇಕಿತ್ತು ಎಂದಳು. ಹೇಳಿಕೆಗೆ ಹೆಬ್ಬೆಟ್ಟು ಬೇಡ, ಸಹಿ ಹಾಕಲು ಬರುತ್ತದೆ ಎಂದು ಕನ್ನಡದಲ್ಲಿ ಹೆಸರು ಬರೆದು ಎದ್ದುಹೋದಳು.

ಅವಳು ಹೋದ ಮೇಲೆ ದಾನಪ್ಪ ಆರೋಪಪಟ್ಟಿಯ ಕರಡು ಮುಂದೆ ಎಳೆದುಕೊಂಡ. ಕೃತ್ಯದ ಉದ್ದೇಶ ಬರೆಯುವ ಜಾಗದಲ್ಲಿ ಮೋಹಿತೆ 'ವೃತ್ತಿ ದ್ವೇಷ' ಎಂದು ಬರೆದಿಟ್ಟಿದ್ದ. ದಾನಪ್ಪ ಅದನ್ನು ಹೊಡೆದುಹಾಕಿ, ಮರಾಠಿಯಲ್ಲಿ ಒಂದೇ ಸಾಲು ಬರೆದ: ಗುರುವಿಗೆ ಸಮನಾದದ್ದು ಸಾಲದೆ.

ಮಧ್ಯಾಹ್ನ ಎರಡಕ್ಕೆ ಕಾಗದಗಳು ಕೋರ್ಟಿಗೆ ಹೋದವು.